ಜಾಯಿನಿಂಗ್ ರಿಪೋರ್ಟಿಗೆ ಸಹಿ ಹಾಕುವ ಮುಂಚೆ

ಮಾಟುಂಗದಲ್ಲಿ ಒಂದು ಮದುವೆ. ಊಟಕ್ಕೆ ಕೂತಿದ್ದಾಗ ಪಕ್ಕದ ಎಲೆಯವರು ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದರು: “ಮಗಳು ಸಿಜಿಎಲ್ ಪರೀಕ್ಷೆ ಪಾಸು ಮಾಡುವ ಹಾಗಿದೆ. ಆದ್ರೆ ಪುಣೆಯ ಕಂಪನಿಯಲ್ಲಿ ಅವಳಿಗೆ ಈಗಲೇ 70,000 ಬರ್ತದೆ. ನೀವು ಯಾರಿಗಾದ್ರೂ ಒಂದು ಮಾತು ಹೇಳಿ ಬೇಸಿಕ್ ಸ್ವಲ್ಪ ಜಾಸ್ತಿ ಮಾಡಿಸ್ಲಿಕ್ಕೆ ಆಗ್ತದಾ ಮಾರಾಯ್ರೆ?”

ಸಿಜಿಎಲ್ ಅಂದರೆ ಕೇಂದ್ರ ಸರ್ಕಾರಿ ಹುದ್ದೆಗಳಿಗೆ ಪದವೀಧರರು ಬರೆಯುವ ಪರೀಕ್ಷೆ. ಕೇಳಿದವರು ಉಡುಪಿ ಕಡೆಯವರು. ಸಯಾನ್‌ನಲ್ಲಿ ಕ್ಯಾಂಟೀನ್ ನಡೆಸುತ್ತಾರೆ. ತರಕಾರಿಯಿಂದ ಹಿಡಿದು ಅಂಗಡಿ ಬಾಡಿಗೆಯವರೆಗೆ ಎಲ್ಲವನ್ನೂ ಮಾತಾಡಿ ಇಳಿಸಿ ಏರಿಸಿ ಬದುಕಿದವರು. ಅವರು ಹೀಗೆ ಕೇಳಿದ್ದರಲ್ಲಿ ತಪ್ಪೇನಿಲ್ಲ. ಮುಂಬೈಯ ಕೇಂದ್ರ ಸರ್ಕಾರಿ ಕಚೇರಿಗಳಲ್ಲಿ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್‌ನಲ್ಲಿ ಕೂತು ಜೀವಮಾನವಿಡೀ ಬೇರೆಯವರ ಸಂಬಳ ನಿಗದಿ ಮಾಡಿದ ನನ್ನನ್ನು ಈ ಪ್ರಶ್ನೆ ಕೇಳಿದವರು ನೂರಾರು ಜನ. ಬೇಸಿಕ್ ಅನ್ನು, ಅಂದರೆ ಭತ್ಯೆಗಳು ಸೇರುವ ಮುಂಚಿನ ಮೂಲ ವೇತನವನ್ನು, ಏರಿಸುವುದು ಯಾರ ಕೈಯಲ್ಲೂ ಇಲ್ಲ. ಇಲಾಖೆಯ ಕಾರ್ಯದರ್ಶಿಯ ಕೈಯಲ್ಲೂ ಇಲ್ಲ. ಆದರೆ ಸೇರುವ ಮುಂಚೆ ಕೇಳಬಹುದಾದ, ಆರಿಸಬಹುದಾದ ಕೆಲವು ವಿಷಯಗಳಿವೆ. ಅವುಗಳ ಬೆಲೆ ಒಂದೆರಡು ಸಾವಿರದ ಬೇಸಿಕ್‌ಗಿಂತ ಬಹಳ ದೊಡ್ಡದು.

ಮೊದಲು ಸಂಬಳವನ್ನೇ ಸರಿಯಾಗಿ ಲೆಕ್ಕ ಹಾಕೋಣ. ಎಷ್ಟೋ ಮಂದಿ 44,900 ಅಂತ ನೋಡಿ ಮುಖ ಸಣ್ಣ ಮಾಡುತ್ತಾರೆ. ಅದು 7ನೇ ವೇತನ ಆಯೋಗದ ಲೆವೆಲ್ 7 ಎಂಬ ವೇತನ ಶ್ರೇಣಿಯ ಆರಂಭದ ಬೇಸಿಕ್ ಅಷ್ಟೇ. ಶೇ. 58ರ ತುಟ್ಟಿ ಭತ್ಯೆಯ (ಡಿಎ) ಲೆಕ್ಕ ಹಿಡಿದರೆ, ಅಂದರೆ 2025ರ ಜುಲೈನ ದರ, ಅದಕ್ಕೆ 26,042 ಸೇರುತ್ತದೆ. ಮುಂಬೈ ಮತ್ತು ಪುಣೆ ಎರಡೂ ಸರ್ಕಾರದ ಲೆಕ್ಕದಲ್ಲಿ ಎಕ್ಸ್ ವರ್ಗದ, ಅಂದರೆ ಅತಿ ದೊಡ್ಡ, ನಗರಗಳು. ಹಾಗಾಗಿ ಮನೆ ಬಾಡಿಗೆ ಭತ್ಯೆ (ಎಚ್‌ಆರ್‌ಎ) ಶೇ. 30, ಅಂದರೆ 13,470. ಸಾರಿಗೆ ಭತ್ಯೆ 3,600, ಅದರ ಮೇಲೂ ಡಿಎ ಸೇರಿ 5,688. ಒಟ್ಟು 90,100 ರೂಪಾಯಿ. ಪಿಂಚಣಿಗೆ ಬೇಸಿಕ್ ಮತ್ತು ಡಿಎಯ ಶೇ. 10 ಕಡಿತವಾಗುತ್ತದೆ, ಸುಮಾರು 7,094. ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಆದರೆ ಸರ್ಕಾರ ತನ್ನ ಕಡೆಯಿಂದ ಶೇ. 14 ಹಾಕುತ್ತದೆ. 2025ರ ಏಪ್ರಿಲ್‌ನಿಂದ ಯುಪಿಎಸ್ (ಏಕೀಕೃತ ಪಿಂಚಣಿ ಯೋಜನೆ) ಎಂಬ ಇನ್ನೊಂದು ದಾರಿಯೂ ಇದೆ. ಸೇರುವ ಹೊತ್ತಿಗೇ ಎರಡರಲ್ಲಿ ಒಂದನ್ನು ಆರಿಸಬೇಕಾದ್ದರಿಂದ ಅದನ್ನೂ ಮೊದಲೇ ಓದಿಕೊಂಡಿರಿ.

ಇದೇ ಹುಡುಗಿ ಇದೇ ಬೇಸಿಕ್‌ನಲ್ಲಿ ಉಡುಪಿಗೆ ಹೋದರೆ? ಅದು ಸಣ್ಣ ಊರುಗಳ ಜೆಡ್ ವರ್ಗ. ಮನೆ ಬಾಡಿಗೆ ಭತ್ಯೆ ಶೇ. 10ಕ್ಕೆ ಇಳಿದು 4,490 ಆಗುತ್ತದೆ, ಸಾರಿಗೆ ಭತ್ಯೆ ಅರ್ಧವಾಗುತ್ತದೆ. ತಿಂಗಳಿಗೆ 11,824 ಕಡಿಮೆ. ಊರಿನ ಗಾಳಿಗೆ ಅಷ್ಟು ಬೆಲೆ ಕೊಡಬಹುದು ಅನ್ನುವವರು ಕೊಡಲಿ, ಲೆಕ್ಕ ಗೊತ್ತಿದ್ದು ಕೊಡಲಿ. ಮುಂಬೈಯಲ್ಲಿ ಇನ್ನೊಂದು ಮಾತು. ಆಂಟಾಪ್ ಹಿಲ್‌ನಂಥ ಕಡೆ ಸರ್ಕಾರಿ ಕ್ವಾರ್ಟರ್ಸ್ ಸಿಕ್ಕಿದರೆ ಎಚ್‌ಆರ್‌ಎ ನಿಲ್ಲುತ್ತದೆ. ಆದರೆ ಆ ಹಣಕ್ಕೆ ಸಯಾನ್, ವಡಾಲದ ಸುತ್ತ ಸಂಸಾರಕ್ಕೆ ತಕ್ಕ ಮನೆ ಬಾಡಿಗೆಗೆ ಸಿಗುವುದಿಲ್ಲ, ಅಲ್ವಾ? ಹಾಗಾಗಿ ಸೇರಿದ ವಾರದಲ್ಲೇ ಕ್ವಾರ್ಟರ್ಸ್‌ಗೆ ಅರ್ಜಿ ಹಾಕಿಬಿಡಿ.

ಇನ್ನು, ಲೆವೆಲ್‌ನ ಆರಂಭಕ್ಕಿಂತ ಜಾಸ್ತಿ ಬೇಸಿಕ್ ಯಾರಿಗೆ ಸಿಗುತ್ತದೆ? ಖಾಸಗಿ ಕಂಪನಿಯಿಂದ ಪರೀಕ್ಷೆ ಬರೆದು ಬರುವವರಿಗೆ ಸಿಗುವುದಿಲ್ಲ. ಈಗಾಗಲೇ ಸರ್ಕಾರಿ ಕೆಲಸದಲ್ಲಿದ್ದು ಇನ್ನೊಂದು ಇಲಾಖೆಗೆ ಹೋಗುವವರಿಗೆ ಸಿಗುತ್ತದೆ. ನಮ್ಮವರು ಅತಿ ಹೆಚ್ಚು ಕಳೆದುಕೊಳ್ಳುವುದೂ ಇಲ್ಲಿಯೇ.

ಡೊಂಬಿವಲಿಯ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಲೆವೆಲ್ 6ರಲ್ಲಿ ಐದು ಇನ್‌ಕ್ರಿಮೆಂಟ್ ಪಡೆದು ಅವನ ಬೇಸಿಕ್ 41,100 ಆಗಿತ್ತು. ಇನ್ನೊಂದು ಇಲಾಖೆಯಲ್ಲಿ ಅದೇ ಲೆವೆಲ್‌ಗೆ ಆಯ್ಕೆಯಾದ. ಹಳೆಯ ಕಚೇರಿ ರಿಲೀವ್ ಮಾಡಲು ಎಳೆದಾಡಿತು. ಬೇಸತ್ತು, ವೈಯಕ್ತಿಕ ಕಾರಣ ಅಂತ ಬರೆದು ಸುಮ್ನೆ ರಾಜೀನಾಮೆ ಕೊಟ್ಟು ಬಂದ. ಹಾಗೆ ಕೊಟ್ಟ ರಾಜೀನಾಮೆಯಿಂದ ಹಿಂದಿನ ಸೇವೆಯೆಲ್ಲ ಅಳಿಸಿಹೋಗುತ್ತದೆ. ಹೊಸ ಕಚೇರಿ ಅವನನ್ನು 35,400ಕ್ಕೆ ಕೂರಿಸಿತು. ಬೇಸಿಕ್‌ನಲ್ಲಿ 5,700. ಡಿಎ, ಎಚ್‌ಆರ್‌ಎ ಸೇರಿಸಿದರೆ ತಿಂಗಳಿಗೆ 10,716 ರೂಪಾಯಿ. ಉಳಿಸಿಟ್ಟಿದ್ದ ಗಳಿಕೆ ರಜೆಯೂ ಹೊಸ ಕಚೇರಿಗೆ ಬರಲಿಲ್ಲ. ಹೊಸ ಕೆಲಸಕ್ಕೆ ಇಲಾಖೆಯ ಮೂಲಕವೇ ಅರ್ಜಿ ಹಾಕಿ, ರಾಜೀನಾಮೆಯಲ್ಲಿ ‘ಇಂಥ ಹುದ್ದೆಗೆ ಸೇರುವ ಸಲುವಾಗಿ’ ಎಂದು ಬರೆದು, ಒಪ್ಪಿಗೆ ಪಡೆದು ಹೊರಟಿದ್ದರೆ ಅದು ತಾಂತ್ರಿಕ ರಾಜೀನಾಮೆ ಆಗುತ್ತಿತ್ತು. ಬೇಸಿಕ್, ರಜೆ, ಸೇವೆ ಮೂರೂ ಅವನ ಹಿಂದೆ ಬರುತ್ತಿದ್ದವು. ಅವನು ಫೈಲು ಹಿಡಿದು ನನ್ನ ಮನೆಗೆ ಬಂದಾಗ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಆ ಸಂಜೆ ನನಗೆ ಊಟ ಸೇರಲಿಲ್ಲ.

ಇದರಲ್ಲೇ ಇನ್ನೊಂದು ಎಳೆಯಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಮೊದಲ ಸರ್ಕಾರಿ ಕೆಲಸಕ್ಕೆ ಸೇರುವ ಮುಂಚೆಯೇ ನೀವು ಬೇರೆ ನಾಲ್ಕು ಪರೀಕ್ಷೆಗಳಿಗೆ ಅರ್ಜಿ ಹಾಕಿರುತ್ತೀರಿ. ಸೇರುವ ದಿನವೇ ಆ ಪಟ್ಟಿಯನ್ನು ಕಚೇರಿಗೆ ಬರೆದು ಕೊಡಿ. ಆಗ ಮುಂದೆ ಅದರಲ್ಲೊಂದು ಬಂದರೂ ತಾಂತ್ರಿಕ ರಾಜೀನಾಮೆಯ ದಾರಿ ತೆರೆದಿರುತ್ತದೆ. ಕೊಟ್ಟ ಪತ್ರದ ಪ್ರತಿಯ ಮೇಲೆ ಇನ್‌ವರ್ಡ್ ನಂಬರ್ (ಕಚೇರಿ ಪತ್ರ ಸ್ವೀಕರಿಸಿದ ಕ್ರಮಾಂಕ), ತಾರೀಕು, ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಸಾರ್ವಜನಿಕ ವಲಯದ ಕಂಪನಿ, ವಿಶ್ವವಿದ್ಯಾಲಯ, ಸ್ವಾಯತ್ತ ಸಂಸ್ಥೆಗಳಿಂದ ಸಂದರ್ಶನದ ಮೂಲಕ ನೇರ ನೇಮಕ ಆಗುವವರಿಗೂ 1989ರ ಆಗಸ್ಟ್ 7ರ ಆದೇಶದ ಪ್ರಕಾರ ಹಳೆಯ ಸಂಬಳಕ್ಕೆ ರಕ್ಷಣೆ ಇದೆ. ಪುಣೆ, ಮುಂಬೈಯ ಸಂಶೋಧನಾ ಸಂಸ್ಥೆಗಳಿಗೆ ಹೋಗುವವರು ಜಾಹೀರಾತನ್ನು ಸಾಲು ಸಾಲು ಓದಬೇಕು. ಅರ್ಹರಿಗೆ ಹೆಚ್ಚಿನ ಆರಂಭಿಕ ವೇತನ ಪರಿಗಣಿಸಲಾಗುವುದು ಎಂಬ ಮಾತು ಕೆಲವೊಮ್ಮೆ ಇರುತ್ತದೆ. ಒಪ್ಪಬಹುದಾದ ಕನಿಷ್ಠ ವೇತನ ಎಷ್ಟು ಎಂಬ ಅಂಕಣವೂ ಅರ್ಜಿಯಲ್ಲಿ ಇರಬಹುದು. ಸಂಕೋಚಪಟ್ಟು ಅದನ್ನು ಖಾಲಿ ಬಿಡಬೇಡಿ. ಆಯ್ಕೆ ಸಮಿತಿ ಶಿಫಾರಸು ಮಾಡುವುದು ಸಂದರ್ಶನದ ದಿನ. ನೇಮಕದ ಪತ್ರ ಹೊರಟ ಮೇಲೆ ಕೇಳಿದರೆ ಯಾರಿಗೂ ಏನೂ ಮಾಡಲು ಬರುವುದಿಲ್ಲ.

ಈಗ ಬಡ್ತಿ. ಸಿಜಿಎಲ್ ಬರೆದವರಿಗೆ ಆದಾಯ ತೆರಿಗೆ ಇನ್‌ಸ್ಪೆಕ್ಟರ್, ಜಿಎಸ್‌ಟಿ ಇನ್‌ಸ್ಪೆಕ್ಟರ್, ಕಸ್ಟಮ್ಸ್‌ನ ಪ್ರಿವೆಂಟಿವ್ ಆಫೀಸರ್, ಎಕ್ಸಾಮಿನರ್, ಎಲ್ಲವೂ ಲೆವೆಲ್ 7. ಮೊದಲ ತಿಂಗಳ ಸಂಬಳ ಒಂದೇ. ಹತ್ತು ವರ್ಷದ ಮೇಲೆ ನೋಡಿದರೆ ಒಂದೇ ಇರುವುದಿಲ್ಲ. ಪ್ರತಿಯೊಂದಕ್ಕೂ ಬೇರೆ ಏಣಿ, ಏಣಿಯ ಮೇಲೆ ಬೇರೆ ಜನಸಂದಣಿ. ಎಷ್ಟು ವರ್ಷದ ಸೇವೆ ಬೇಕು, ಎಷ್ಟು ಪಾಲು ಬಡ್ತಿಗೆ, ಎಷ್ಟು ನೇರ ನೇಮಕಕ್ಕೆ ಅನ್ನುವುದೆಲ್ಲ ನೇಮಕಾತಿ ನಿಯಮಗಳಲ್ಲಿ ಇರುತ್ತದೆ. ಅವು ಗೆಜೆಟ್‌ನಲ್ಲಿ ಪ್ರಕಟವಾದ ದಾಖಲೆಗಳು, ಯಾರು ಬೇಕಾದರೂ ಓದಬಹುದು. ಅದರ ಜೊತೆಗೆ ಆ ವಲಯದ ಸೀನಿಯಾರಿಟಿ ಪಟ್ಟಿ ತೆಗೆಯಿರಿ. ಈಚೆಗೆ ಬಡ್ತಿ ಪಡೆದವರು ಯಾವ ವರ್ಷ ಸೇರಿದವರು ಅಂತ ನೋಡಿ. ನಿಯಮದಲ್ಲಿ ಬರೆದ ವರ್ಷಕ್ಕಿಂತ ಆ ಪಟ್ಟಿಯಲ್ಲಿ ಕಾಣುವ ವರ್ಷವೇ ನಿಮ್ಮ ನಿಜವಾದ ಕಾಯುವಿಕೆ. ನನ್ನ ಅನುಭವದಲ್ಲಿ ನೂರರಲ್ಲಿ ಒಬ್ಬರೂ ಇಷ್ಟು ನೋಡಿ ಹುದ್ದೆಗಳ ಆಯ್ಕೆಯ ಕ್ರಮ ತುಂಬುವುದಿಲ್ಲ.

ವಲಯದ ಆಯ್ಕೆ ಇನ್ನೂ ಸೂಕ್ಷ್ಮ. ನಮ್ಮವರಲ್ಲಿ ಎಷ್ಟೋ ಮಂದಿ, ಮೊದಲು ಎಲ್ಲಿ ಸಿಗುತ್ತದೋ ಸೇರೋಣ, ಆಮೇಲೆ ಊರಿನ ಕಡೆ ವರ್ಗ ಮಾಡಿಸಿಕೊಳ್ಳೋಣ ಅನ್ನುತ್ತಾರೆ. ಸೀನಿಯಾರಿಟಿಯ ಘಟಕ, ಅಂದರೆ ಒಂದೇ ಸೀನಿಯಾರಿಟಿ ಪಟ್ಟಿ ಇರುವ ವಲಯ, ದಾಟಿ ಸ್ವಂತ ಕೋರಿಕೆಯ ಮೇಲೆ ಹೋದರೆ ಹೊಸ ಕಡೆ ಪಟ್ಟಿಯ ತಳಕ್ಕೆ ಹೋಗಬೇಕು. ಅಂಚೆ ಇಲಾಖೆಯಲ್ಲಿ ಇದನ್ನು ರೂಲ್ 38 ಅಂತಲೇ ಕರೆಯುತ್ತಾರೆ. ಮುಂಬೈಯಲ್ಲಿ ಹತ್ತು ವರ್ಷ ದುಡಿದು ಕಾರವಾರದ ಕಡೆ ಹೋದವರು, ನಿನ್ನೆ ಸೇರಿದ ಹುಡುಗರ ಹಿಂದೆ ನಿಂತದ್ದನ್ನು ನೋಡಿದ್ದೇನೆ. ಗೋವಾ ಬೇಕು ಅನ್ನುವವರು ಇನ್ನೊಂದು ವಿಷಯ ಗಮನಿಸಬೇಕು. ಆದಾಯ ತೆರಿಗೆಯಲ್ಲಿ ಗೋವಾ ಕರ್ನಾಟಕದ ಜೊತೆ ಒಂದೇ ವಲಯ. ಅಂಚೆಯಲ್ಲಿ ಅದು ಮಹಾರಾಷ್ಟ್ರ ವೃತ್ತಕ್ಕೆ ಸೇರಿದ್ದು. ಒಂದೇ ಪಣಜಿ, ದಾರಿಗಳು ಎರಡು.

ಬಡ್ತಿ ಸಿಗದೇ ಹೋದರೂ 10, 20, 30 ವರ್ಷಕ್ಕೆ ಎಂಎಸಿಪಿ ಎಂಬ ಯೋಜನೆಯ ಮೂಲಕ ಲೆವೆಲ್ ಏರುತ್ತದೆ. ಆದರೆ ಬಂದ ಬಡ್ತಿಯನ್ನು ಬೇಡ ಅಂದವರಿಗೆ ಅದೂ ತಪ್ಪುತ್ತದೆ.

ಬಡ್ತಿ ಬಂದಾಗ ಸಂಬಳ ನಿಗದಿಗೆ ನಿಮಗೊಂದು ಆಯ್ಕೆ ಇದೆ, ಒಂದು ತಿಂಗಳೊಳಗೆ ಬರೆದು ಕೊಡಬೇಕು. ಲೆವೆಲ್ 6ರಲ್ಲಿ 46,200 ಪಡೆಯುವವರಿಗೆ ಜುಲೈ 1ಕ್ಕೆ ಇನ್‌ಕ್ರಿಮೆಂಟ್ ಇದೆ, ಮೇ 10ಕ್ಕೆ ಲೆವೆಲ್ 7ಕ್ಕೆ ಬಡ್ತಿ ಬಂತು ಅಂದುಕೊಳ್ಳಿ. ಅಂದೇ ನಿಗದಿ ಮಾಡಿಸಿದರೆ 47,600, ಬರುವ ಜನವರಿಗೆ 49,000. ಜುಲೈವರೆಗೆ ಕಾಯುತ್ತೇನೆ ಅಂತಲೂ ಬರೆದು ಕೊಡಬಹುದು. ಆಗ ಜುಲೈಯಲ್ಲಿ ವರ್ಷದ ಇನ್‌ಕ್ರಿಮೆಂಟ್, ಬಡ್ತಿಯ ಇನ್‌ಕ್ರಿಮೆಂಟ್ ಎರಡೂ ಸೇರಿ 49,000. ಜನವರಿಗೆ 50,500. ಎರಡು ತಿಂಗಳು ಕಾದರೆ ಮುಂದೆ ಪ್ರತಿ ತಿಂಗಳೂ ಒಂದು ಮೆಟ್ಟಿಲು ಮೇಲೆ. ನನ್ನ ಮೊದಲ ಬಡ್ತಿಯ ಆದೇಶದಲ್ಲಿ ಈ ಆಯ್ಕೆಯ ಮಾತೇ ಇರಲಿಲ್ಲ. ಕೇಳಿದಾಗ ಅಲ್ಲಿದ್ದವರು, ಎಲ್ಲಾ ತಾನಾಗಿಯೇ ಆಗುತ್ತದೆ ಅಂದರು. ತಿಂಗಳು ಕಳೆಯಿತು, ಒಂದು ಇನ್‌ಕ್ರಿಮೆಂಟ್ ಕೈಬಿಟ್ಟಿತು. ಆ ನಷ್ಟ ನನ್ನ ಪಿಂಚಣಿಯವರೆಗೂ ಬಂದಿದೆ. ಆಮೇಲೆ ನನ್ನ ಮೇಜಿನಿಂದ ಹೋದ ಪ್ರತಿ ಬಡ್ತಿ ಆದೇಶದಲ್ಲೂ ಆ ಸಾಲನ್ನು ನಾನೇ ಸೇರಿಸುತ್ತಿದ್ದೆ.

8ನೇ ವೇತನ ಆಯೋಗದ ಬಗ್ಗೆಯೂ ಎಲ್ಲರೂ ಕೇಳುತ್ತಾರೆ. ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಅದರ ಅಧ್ಯಕ್ಷರು. 2025ರ ಅಕ್ಟೋಬರ್‌ನಲ್ಲಿ ಅದರ ಕಾರ್ಯವ್ಯಾಪ್ತಿಗೆ ಒಪ್ಪಿಗೆ ಸಿಕ್ಕಿತು, ವರದಿಗೆ 18 ತಿಂಗಳ ಸಮಯ. ವಾಟ್ಸಾಪ್‌ನಲ್ಲಿ ಓಡಾಡುವ ಪಟ್ಟಿಗಳನ್ನು ನಂಬಿ ಮನೆ ಸಾಲ ಮಾಡಬೇಡಿ.

ಮುಂದಿನ ಭಾನುವಾರ ಆ ಅಪ್ಪ ಮಗಳು ಇಬ್ಬರೂ ಮನೆಗೆ ಬಂದರು. ಲ್ಯಾಪ್‌ಟಾಪ್ ತೆರೆದು ಮೂರು ಗಂಟೆ ಸೀನಿಯಾರಿಟಿ ಪಟ್ಟಿಗಳನ್ನು ನೋಡಿದೆವು. ಹುಡುಗಿ ಚುರುಕು. ಕೋಚಿಂಗ್ ಕ್ಲಾಸಿನವರು ಕೊಟ್ಟ ಆಯ್ಕೆಯ ಕ್ರಮವನ್ನು ಅಳಿಸಿ ತನ್ನದೇ ಕ್ರಮ ಬರೆದುಕೊಂಡಳು. ಅಪ್ಪನಿಗೆ ಬೇರೆಯೇ ಚಿಂತೆ. “ಹಾಗಾದ್ರೆ ಪುಣೆಯ ಕೆಲಸಕ್ಕೆ ಈಗಲೇ ರಾಜೀನಾಮೆ ಕೊಡ್ಲಾ ಅಂತ ಕೇಳ್ತಿದ್ದಾಳೆ.”

“ಬೇಡಮ್ಮ,” ಅಂದೆ. “ಆಫರ್ ಕೈಗೆ ಬರಲಿ. ನಿನ್ನ ಕಂಪನಿಯ ನೋಟಿಸ್ 90 ದಿನ, ಇವರು ಅಷ್ಟು ಸಮಯ ಕೊಡುವುದಿಲ್ಲ. ಆಫರ್ ಬಂದ ದಿನವೇ ಸಮಯ ಕೇಳಿ ಪತ್ರ ಬರೆ, ನೋಟಿಸ್‌ನ ಷರತ್ತಿನ ಪುಟ ಲಗತ್ತಿಸು. ಕೊಟ್ಟ ಗಡುವು ಮುಗಿಯುವ ಮುಂಚೆ ಅದು ಅವರ ಕೈ ಸೇರಬೇಕು. 6 ತಿಂಗಳು ದಾಟುವ ಹಾಗೆ ಮಾತ್ರ ಎಳೆಯಬೇಡ, ಆಫರೇ ರದ್ದಾಗುತ್ತದೆ.”

ಅವಳು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡು, ಕೆಳಗೆ ಇನ್‌ವರ್ಡ್ ಸೀಲು ಅಂತ ಸೇರಿಸಿ ಎರಡು ಗೆರೆ ಎಳೆದಳು.