ಕಿವಿಗೆ ಸಿಗದ ಟೈಮಿಂಗ್: ರೋಟರಿ ಇಂಜಿನ್‌ನ ಕಿಡಿ ಲ್ಯಾಪ್‌ಟಾಪ್‌ಗೆ ಬಂದ ದಾರಿ

ಬದಿಯಡ್ಕದ ಕಡೆ ಹಳೆಯ ಮೆಕ್ಯಾನಿಕ್‌ಗಳು ಓಮ್ನಿಗೆ ಟೈಮಿಂಗ್, ಅಂದರೆ ಪ್ಲಗ್‌ನ ಕಿಡಿ ಹಾರುವ ಹೊತ್ತು, ಇಡುತ್ತಿದ್ದುದು ಕಿವಿಯಿಂದ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಸಡಿಲ ಮಾಡಿ ಚೂರು ಆಚೆ, ಚೂರು ಈಚೆ ತಿರುಗಿಸುವುದು. ಏರು ಹತ್ತುವಾಗ ಇಂಜಿನ್ ಟಕಟಕ ಅಂದರೆ ಅಡ್ವಾನ್ಸ್ ಜಾಸ್ತಿಯಾಗಿದೆ, ಕಿಡಿ ತೀರಾ ಮುಂಚೆ ಹಾರುತ್ತಿದೆ ಎಂದು ಅರ್ಥ. ಸ್ವಲ್ಪ ಹಿಂದೆ ತಂದರೆ ಮುಗಿಯಿತು. ನಾನು ಕೆಲಸ ಕಲಿತದ್ದೂ ಹಾಗೆಯೇ. ಅದೇ ಕಿವಿಯನ್ನು ನಂಬಿಕೊಂಡು ಶಾರ್ಜಾಕ್ಕೆ ಹೋದೆ. ಅಲ್ಲಿನ ಗ್ಯಾರೇಜಿನಲ್ಲಿ ರೋಟರಿ ಇಂಜಿನ್‌ನ ಕಾರು ಮಜ್ದಾ ಆರ್‌ಎಕ್ಸ್-7 ಮುಂದೆ ಆ ಕಿವಿ ಕೆಲಸಕ್ಕೆ ಬರಲಿಲ್ಲ.

ಫೆಲಿಕ್ಸ್ ವಾಂಕೆಲ್‌ನ ರೋಟರಿ ಇಂಜಿನ್ ಜರ್ಮನಿಯ ಎನ್‌ಎಸ್‌ಯು ಕಂಪನಿಯಲ್ಲಿ ಮೊದಲು ಓಡಿದ್ದು 1957ರಲ್ಲಿ. 1967ರಲ್ಲಿ ಮಜ್ದಾ ಅದನ್ನು ಕಾಸ್ಮೊ ಸ್ಪೋರ್ಟ್ ಕಾರಿಗೆ ಹಾಕಿ ಮಾರಿತು. ಪಿಸ್ಟನ್ ಬದಲು ಮೂರು ಮೂಲೆಯ ರೋಟರ್. ಉರಿಯುವ ಜಾಗ ಉದ್ದ, ತೆಳು, ಮೇಲಾಗಿ ಸರಿಯುತ್ತಲೇ ಇರುತ್ತದೆ. ಒಂದೇ ಪ್ಲಗ್‌ನ ಬೆಂಕಿ ಆ ತುದಿಯಿಂದ ಈ ತುದಿಗೆ ಹೊತ್ತಿಗೆ ಸರಿಯಾಗಿ ತಲುಪುವುದಿಲ್ಲ. ಅದಕ್ಕೇ ಮಜ್ದಾ ಪ್ರತಿ ರೋಟರ್‌ಗೆ ಎರಡು ಪ್ಲಗ್ ಕೊಟ್ಟಿತು. ಕೆಳಗಿನದು ಲೀಡಿಂಗ್, ಮೇಲಿನದು ಟ್ರೇಲಿಂಗ್. ಸಾಮಾನ್ಯವಾಗಿ ಲೀಡಿಂಗ್ ಮೊದಲು ಕಿಡಿ ಹಾರಿಸುತ್ತದೆ, ಟ್ರೇಲಿಂಗ್ ಶಾಫ್ಟ್ ಇನ್ನೂ ಕೆಲವು ಡಿಗ್ರಿ ತಿರುಗಿದ ಮೇಲೆ. ಈ ನಡುವಿನ ಅಂತರವೇ ಸ್ಪ್ಲಿಟ್. 1991ರಲ್ಲಿ ಲೆ ಮಾನ್ಸ್ ಗೆದ್ದ ಮಜ್ದಾ 787ಬಿ ಕಾರಿನಲ್ಲಿ ರೋಟರ್‌ಗೆ ಮೂರು ಪ್ಲಗ್ ಇದ್ದವು.

ಶುರುವಿನ ಮಜ್ದಾಗಳಲ್ಲಿ ಈ ಲೆಕ್ಕ ಇದ್ದದ್ದು ಡಿಸ್ಟ್ರಿಬ್ಯೂಟರ್ ಒಳಗಿನ ತೂಕ, ಸ್ಪ್ರಿಂಗ್, ವ್ಯಾಕ್ಯೂಮ್ ಡಬ್ಬಿಗಳಲ್ಲಿ. 1986ರ ಹೊತ್ತಿಗೆ ಬಂದ ಎರಡನೇ ತಲೆಮಾರಿನ ಆರ್‌ಎಕ್ಸ್-7ರಲ್ಲಿ ಡಿಸ್ಟ್ರಿಬ್ಯೂಟರ್ ಹೋಯಿತು, ಸೆನ್ಸರ್ ಮತ್ತು ಕಂಪ್ಯೂಟರ್ ಬಂದವು. ನಾವೇ ಹೊಂದಿಸಬಹುದಾದ ಇಂಜಿನ್ ಕಂಪ್ಯೂಟರ್ (ಇಸಿಯು) ಮಾಡುವ ಹಾಲ್‌ಟೆಕ್ ಆಸ್ಟ್ರೇಲಿಯಾದಲ್ಲಿ ಶುರುವಾದದ್ದೂ 1986ರಲ್ಲೇ. ಆಮೇಲೆ ಜಪಾನಿನ ಪವರ್ ಎಫ್‌ಸಿ, ಮನೆಯಲ್ಲೇ ಬೆಸುಗೆ ಹಾಕಿ ಕಟ್ಟಬಹುದಾದ ಮೆಗಾಸ್ಕ್ವರ್ಟ್ ಎಲ್ಲ ಬಂದವು. ಲ್ಯಾಪ್‌ಟಾಪ್ ಪರದೆಯಲ್ಲಿ ಲೀಡಿಂಗ್‌ಗೆ ಸಂಖ್ಯೆಗಳ ಒಂದು ಟೇಬಲ್, ಸ್ಪ್ಲಿಟ್‌ಗೆ ಇನ್ನೊಂದು. ಕಂಪನಿಯ ಒಳಗೆ ಮಾತ್ರ ಇದ್ದ ಸಂಖ್ಯೆಗಳು ನಮ್ಮಂಥವರ ಕೈಗೆ ಬಂದವು.

ಆ ಸ್ವಾತಂತ್ರ್ಯ ನನಗೆ ತುಂಬಾ ಇಷ್ಟ. ಆದರೆ ಅದರ ಬೆಲೆಯನ್ನೂ ನೋಡಿದ್ದೇನೆ. ಒಂದು ಟರ್ಬೊ ಕಾರಿಗೆ ಹೊಸ ಇಸಿಯು ಹಾಕಿದ್ದೆವು. ಪರದೆಯಲ್ಲಿ 15 ಡಿಗ್ರಿ ಕಾಣುತ್ತಿತ್ತು, ಎಲ್ಲರೂ ಅದನ್ನೇ ನಂಬಿದೆವು. ಇಂಜಿನ್ ಶಾಫ್ಟ್‌ನ ಪುಲ್ಲಿಗೆ ಟೈಮಿಂಗ್ ಲೈಟ್ (ಕಿಡಿ ಹಾರಿದಾಗಲೆಲ್ಲ ಮಿನುಗುವ ದೀಪ) ಹಿಡಿದು ಯಾರೂ ನೋಡಲಿಲ್ಲ. ಸೆನ್ಸರ್‌ಗೂ ಶಾಫ್ಟ್‌ನ ನಿಜವಾದ ಸ್ಥಾನಕ್ಕೂ ಇರುವ ಅಂತರ, ಅಂದರೆ ಆಫ್‌ಸೆಟ್, ಇಸಿಯುನಲ್ಲಿ ತಪ್ಪಾಗಿತ್ತು, ಕಿಡಿ ನಿಜವಾಗಿ ಬಹಳ ಮುಂಚೆ ಹಾರುತ್ತಿತ್ತು. ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿದಾಗ ಟಕಟಕ ಏನೂ ಕೇಳಲಿಲ್ಲ. ಸುಮ್ನೆ ಶಕ್ತಿ ಇಳಿಯಿತು, ಅಷ್ಟೇ. ಬಿಚ್ಚಿ ನೋಡಿದರೆ ರೋಟರ್‌ನ ಮೂಲೆಯಲ್ಲಿರುವ ಅಪೆಕ್ಸ್ ಸೀಲ್ ತುಂಡಾಗಿತ್ತು. ಆ ಇಂಜಿನ್‌ನಲ್ಲಿ ಅದರ ದಪ್ಪ ಬರೀ 2 ಮಿಲಿಮೀಟರ್. ಅದರ ಚೂರು ರೋಟರ್ ಸುತ್ತಲಿನ ಹೌಸಿಂಗ್ ಗೀರಿ, ಎಕ್ಸಾಸ್ಟ್ ಮೂಲಕ ಹೋಗಿ ಟರ್ಬೊದ ರೆಕ್ಕೆಗಳನ್ನೂ ತಿಂದಿತ್ತು. ಓಮ್ನಿ ಟಕಟಕ ಅಂತ ಎಚ್ಚರಿಸುತ್ತದೆ, ತಪ್ಪು ತಿದ್ದಲು ಸಮಯ ಕೊಡುತ್ತದೆ. ರೋಟರಿಯಲ್ಲಿ ಎಷ್ಟೋ ಸಲ ಮೊದಲ ಬಡಿತವೇ ಕೊನೆಯದು.

ನಮ್ಮ ದೇಶದಲ್ಲಿ ರೋಟರಿ ಅಂದರೆ ಬರೀ ವಿದೇಶಿ ಕಾರಲ್ಲ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಮತ್ತು ಡಿಆರ್‌ಡಿಒ ಸೇರಿ ನಿಶಾಂತ್ ಡ್ರೋನ್‌ಗಾಗಿ 55 ಅಶ್ವಶಕ್ತಿಯ ವಾಂಕೆಲ್ ಇಂಜಿನ್ ಮಾಡಿದವು. 2009ರಲ್ಲಿ ಕೋಲಾರದಲ್ಲಿ ಅದು ಹಾರಿತು.

ಈಗ ಕುಂಬಳೆ, ಉಪ್ಪಳದ ಹುಡುಗರು ಗಲ್ಫ್‌ಗೆ ಹೋಗುವ ಮೊದಲು ನನ್ನ ಹತ್ತಿರ ಬಂದು ಕೇಳುತ್ತಾರೆ, "ಅಣ್ಣಾ, ರೋಟರಿಗೆ ಎಷ್ಟು ಡಿಗ್ರಿ ಇಡಬೇಕು?" ಅದು ಎರಡನೇ ಪ್ರಶ್ನೆ ಅಲ್ವಾ? ಮೊದಲು ಇಸಿಯುನಲ್ಲಿ ಟೈಮಿಂಗ್ ಲಾಕ್ ಮಾಡಿ, ಪುಲ್ಲಿಗೆ ಲೈಟ್ ಹಿಡಿಯಬೇಕು. ಕೊನೆಯ ಆರ್‌ಎಕ್ಸ್-7ರ ಪುಲ್ಲಿಯಲ್ಲಿ ಹಳದಿ ಗುರುತು ಲೀಡಿಂಗ್‌ಗೆ, ಟಿಡಿಸಿ (ಉರಿಯುವ ಜಾಗ ಅತಿ ಕಿರಿದಾಗುವ ಬಿಂದು) ದಾಟಿ 5 ಡಿಗ್ರಿ. ಕೆಂಪು ಟ್ರೇಲಿಂಗ್‌ಗೆ, 20 ಡಿಗ್ರಿ. ಪರದೆಯ ಸಂಖ್ಯೆಯೂ ಗುರುತೂ ಒಂದೇ ಆಗುವವರೆಗೆ ಮ್ಯಾಪ್, ಅಂದರೆ ಆ ಟೇಬಲ್‌ಗಳನ್ನು, ಮುಟ್ಟಬಾರದು. ಆಮೇಲೆ ಎರಡು ಟ್ರೇಲಿಂಗ್ ವೈರ್ ಅದಲುಬದಲಾಗಿಲ್ಲ ಎಂದು ನೋಡಬೇಕು, ಯಾಕೆಂದರೆ ಅದಲಾದರೂ ಲೀಡಿಂಗ್ ಬಲದಲ್ಲಿ ಇಂಜಿನ್ ಓಡುತ್ತಲೇ ಇರುತ್ತದೆ. ಬೂಸ್ಟ್ ಇರುವ ಕಡೆ ಸ್ಪ್ಲಿಟ್ ಅನ್ನು 10ರಿಂದ 15 ಡಿಗ್ರಿಯಲ್ಲಿ ಬಿಟ್ಟು, ಲೀಡಿಂಗ್ ಅನ್ನು ಹಿಂದೆ, ಅಂದರೆ ತಡವಾಗಿ, ಇಟ್ಟೇ ಶುರು ಮಾಡಿ ಎನ್ನುತ್ತೇನೆ. ತೀರಾ ಹಿಂದೆ ಹೋದರೆ ಎಕ್ಸಾಸ್ಟ್ ಕೆಂಪಗೆ ಕಾಯುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಮುಂದೆ ಹೋದದ್ದು ಕಾಣುವುದಿಲ್ಲ.