ಪದ ಪರಿಚಯ: ಮೌನದ ಗೋಡೆ

ಪೊಲೀಸರು ಯಾರನ್ನೋ ಅನ್ಯಾಯವಾಗಿ ಹೊಡೆದರು ಅಂತ ಸುದ್ದಿ ಬಂದಾಗ ಎಲ್ಲರೂ ಹೊಡೆದವನ ಬಗ್ಗೆಯೇ ಮಾತಾಡುತ್ತಾರೆ. ನನಗೆ ಕಾಡುವುದು ಇನ್ನೊಂದು ಪ್ರಶ್ನೆ. ಅಲ್ಲಿ ಇನ್ನೂ ಮೂರ್ನಾಲ್ಕು ಜನ ಪೊಲೀಸರು ಇದ್ದರಲ್ಲ, ಅವರು ಏನು ಮಾಡುತ್ತಿದ್ದರು? ಆಮೇಲಾದರೂ ಯಾಕೆ ಬಾಯಿ ಬಿಡಲಿಲ್ಲ?

ಈ ಬಾಯಿ ಬಿಡದೇ ಇರುವುದಕ್ಕೆ ಇಂಗ್ಲಿಷಿನಲ್ಲಿ ‘ಬ್ಲೂ ವಾಲ್ ಆಫ್ ಸೈಲೆನ್ಸ್’ ಅನ್ನುತ್ತಾರೆ. ಅಮೆರಿಕದಲ್ಲಿ ಬಹಳಷ್ಟು ಕಡೆ ಪೊಲೀಸರ ಸಮವಸ್ತ್ರ ನೀಲಿ. ಹಾಗಾಗಿ ಗೋಡೆಗೂ ನೀಲಿ ಬಣ್ಣ ಬಂತು. ‘ಕೋಡ್ ಆಫ್ ಸೈಲೆನ್ಸ್’ ಅಂತಲೂ ಕರೆಯುತ್ತಾರೆ. ಬಣ್ಣ ಊರಿಂದ ಊರಿಗೆ ಬೇರೆ. ಆದ್ದರಿಂದ ಕನ್ನಡದಲ್ಲಿ ಸುಮ್ನೆ ‘ಮೌನದ ಗೋಡೆ’ ಅಂದರೆ ಸಾಕು.

ಅರ್ಥ ಇಷ್ಟು: ಜೊತೆಯವನು ತಪ್ಪು ಮಾಡಿದ್ದನ್ನು ಕಣ್ಣಾರೆ ಕಂಡರೂ ಅದನ್ನು ಮೇಲಧಿಕಾರಿಗೆ, ತನಿಖೆಗೆ ಬಂದವರಿಗೆ, ಕೋರ್ಟಿಗೆ ಹೇಳಬಾರದು ಎಂದು ಪೊಲೀಸರ ನಡುವೆ ಇರುವ ಬರೆದಿಡದ ಕಟ್ಟುಪಾಡು. ಇದು ಯಾವ ನಿಯಮದ ಪುಸ್ತಕದಲ್ಲೂ ಇರುವುದಿಲ್ಲ. ನಿಯಮದ ಪುಸ್ತಕ ಇದಕ್ಕೆ ಉಲ್ಟಾ ಹೇಳುತ್ತದೆ. ಆದರೂ ಕೆಲಸಕ್ಕೆ ಸೇರಿದ ಹೊಸಬನಿಗೆ ಸ್ವಲ್ಪ ದಿನದಲ್ಲೇ ಗೊತ್ತಾಗಿಬಿಡುತ್ತದೆ. ಯಾರ ಜೊತೆ ಊಟಕ್ಕೆ ಕೂರುತ್ತಾರೆ, ಯಾರನ್ನು ದೂರ ಇಡುತ್ತಾರೆ ಅನ್ನುವುದನ್ನು ನೋಡಿದರೆ ಸಾಕು.

ಇದನ್ನು ಮೊದಲು ಹತ್ತಿರದಿಂದ ನೋಡಿ ಬರೆದವರಲ್ಲಿ ವಿಲಿಯಂ ವೆಸ್ಟ್‌ಲಿ ಎಂಬ ಸಮಾಜಶಾಸ್ತ್ರಜ್ಞ ಒಬ್ಬರು. 1950ರ ಆಸುಪಾಸಿನಲ್ಲಿ ಅವರು ಅಮೆರಿಕದ ಒಂದು ನಗರದ ಪೊಲೀಸರ ಜೊತೆ ಓಡಾಡಿದರು. ಅವರು ಕೇಳಿದ ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: ನಿಮ್ಮ ಜೊತೆಗಾರ ಒಬ್ಬ ಕುಡುಕನ ಹಣ ಎತ್ತಿಕೊಂಡಿದ್ದು ನಿಮಗೆ ಗೊತ್ತಾದರೆ ಮೇಲಿನವರಿಗೆ ಹೇಳುತ್ತೀರಾ? ಉತ್ತರ ಕೊಟ್ಟವರಲ್ಲಿ ಹೆಚ್ಚಿನವರು ‘ಇಲ್ಲ’ ಅಂದರು. ಅವರೆಲ್ಲ ಕಳ್ಳರಾಗಿರಲಿಲ್ಲ. ಕದಿಯುವುದು ತಪ್ಪು ಅಂತ ಗೊತ್ತಿದ್ದವರೇ. ಆದರೆ ಚಾಡಿ ಹೇಳುವುದು ಅದಕ್ಕಿಂತ ದೊಡ್ಡ ತಪ್ಪು ಅನ್ನುವುದು ಅವರ ಲೆಕ್ಕ.

ಗೋಡೆ ಅಂದಾಕ್ಷಣ ಬಾಯಿ ಮುಚ್ಚಿಕೊಂಡು ನಿಂತವರ ಸಾಲು ಕಣ್ಣಿಗೆ ಬರುತ್ತದೆ. ನಿಜದಲ್ಲಿ ಈ ಗೋಡೆ ಕಟ್ಟುವುದು ಹೆಚ್ಚಾಗಿ ಕಾಗದದಲ್ಲಿ. ಒಂದು ಕಾಗದವನ್ನೇ ನೋಡೋಣ.

2020ರ ಮೇ 25. ಅಮೆರಿಕದ ಮಿನಿಯಾಪೊಲಿಸ್ ನಗರ. ಪೊಲೀಸರು ಹಿಡಿದಿದ್ದ ಜಾರ್ಜ್ ಫ್ಲಾಯ್ಡ್ ಎಂಬ ವ್ಯಕ್ತಿ ಸತ್ತ ಮೇಲೆ ಅಲ್ಲಿನ ಪೊಲೀಸ್ ಇಲಾಖೆ ಒಂದು ಪ್ರಕಟಣೆ ಹೊರಡಿಸಿತು. ತಲೆಬರಹದಲ್ಲಿ ಇದ್ದದ್ದು, ಪೊಲೀಸರು ವ್ಯವಹರಿಸುತ್ತಿದ್ದಾಗ ಆರೋಗ್ಯದಲ್ಲಿ ಏರುಪೇರಾಗಿ ಒಬ್ಬ ವ್ಯಕ್ತಿ ಸತ್ತ ಎಂಬ ಅರ್ಥದ ಮಾತು. ಒಳಗೆ ಓದಿದರೆ, ಆತ ಪೊಲೀಸರಿಗೆ ಪ್ರತಿರೋಧ ತೋರಿದ, ಅವನಿಗೆ ಕೋಳ ತೊಡಿಸಿದರು, ಅವನ ಆರೋಗ್ಯ ಸರಿ ಇಲ್ಲದಂತೆ ಕಂಡಿತು, ಆಂಬುಲೆನ್ಸ್ ಕರೆಸಿದರು. ಅಷ್ಟೇ. ಕುತ್ತಿಗೆ ಎಂಬ ಪದ ಅದರಲ್ಲಿ ಇಲ್ಲ. ಮಂಡಿ ಎಂಬ ಪದವೂ ಇಲ್ಲ.

ಪೊಲೀಸ್ ಒಬ್ಬನ ಮಂಡಿ ಫ್ಲಾಯ್ಡ್ ಕುತ್ತಿಗೆಯ ಮೇಲೆ ಇದ್ದದ್ದು 9 ನಿಮಿಷ 29 ಸೆಕೆಂಡ್. ಇದು ಲೋಕಕ್ಕೆ ಗೊತ್ತಾಗಿದ್ದು ರಸ್ತೆಯಲ್ಲಿ ನಿಂತಿದ್ದ 17 ವರ್ಷದ ಹುಡುಗಿಯೊಬ್ಬಳು ಫೋನಿನಲ್ಲಿ ವಿಡಿಯೊ ಮಾಡಿದ್ದರಿಂದ. ಅವಳ ಕೈಯಲ್ಲಿ ಫೋನ್ ಇರದಿದ್ದರೆ ಆ ಪ್ರಕಟಣೆಯೇ ಇತಿಹಾಸ ಆಗುತ್ತಿತ್ತು, ಅಲ್ವಾ? ಅದನ್ನು ಇನ್ನೊಂದು ಸಲ ಓದಿ. ನೇರ ಸುಳ್ಳು ಅಂತ ಬೆರಳಿಟ್ಟು ತೋರಿಸಬಹುದಾದ ಸಾಲು ಅದರಲ್ಲಿ ಕಡಿಮೆ. ಕೋಳ ಹಾಕಿದ್ದು ನಿಜ. ಆಂಬುಲೆನ್ಸ್ ಬಂದದ್ದೂ ನಿಜ. ನಡುವಿನ ಒಂಬತ್ತೂವರೆ ನಿಮಿಷವನ್ನು ಮಾತ್ರ ತೆಗೆದುಬಿಟ್ಟಿದ್ದಾರೆ. ಮೌನದ ಗೋಡೆಯ ಕುಶಲತೆ ಇರುವುದೇ ಇಲ್ಲಿ.

ಇನ್ನು ಕೆಲವು ಸಲ ಕಾಗದ ಬಿಟ್ಟುಬಿಡುವುದಿಲ್ಲ, ತಿದ್ದುತ್ತದೆ. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡ್‌ನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ನೂಕುನುಗ್ಗಲಾಯಿತು. ಅದರಿಂದ ಒಟ್ಟು 97 ಫುಟ್‌ಬಾಲ್ ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ತಪ್ಪು ಅಭಿಮಾನಿಗಳದ್ದೇ, ಕುಡಿದು ಬಂದಿದ್ದರು ಅಂತ ಹಬ್ಬಿಸಿದರು. 23 ವರ್ಷ ಕಳೆದ ಮೇಲೆ, 2012ರಲ್ಲಿ, ಸ್ವತಂತ್ರ ಸಮಿತಿಯೊಂದು ಹಳೆಯ ಕಡತಗಳನ್ನು ಬಿಡಿಸಿ ನೋಡಿತು. ಪೊಲೀಸರೇ ಕೊಟ್ಟಿದ್ದ 164 ಹೇಳಿಕೆಗಳನ್ನು ಗಣನೀಯವಾಗಿ ತಿದ್ದಲಾಗಿತ್ತು. ಅವುಗಳಲ್ಲಿ 116ರಲ್ಲಿ ಇಲಾಖೆಗೆ ಮುಜುಗರ ತರುವ ಮಾತುಗಳನ್ನು ಹೊಡೆದುಹಾಕಿದ್ದರು ಅಥವಾ ಬದಲಿಸಿದ್ದರು. ಇದನ್ನು ಯೋಚಿಸಿದರೆ ನನಗೆ ಸಂಕಟವಾಗುತ್ತದೆ. ಅಲ್ಲಿ ಕೆಳಗಿನ ಪೊಲೀಸರು ಸುಮ್ಮನಿರಲಿಲ್ಲ, ಕಂಡದ್ದನ್ನು ಬರೆದಿದ್ದರು. ಅವರ ಮಾತನ್ನು ಮೇಲಿನವರು ಮೌನ ಮಾಡಿದರು. ಅಂದರೆ ಗೋಡೆ ಕಟ್ಟುವವರು ಸಾಮಾನ್ಯ ಕಾನ್‌ಸ್ಟೆಬಲ್‌ಗಳೇ ಅಂತ ತಿಳಿಯಬಾರದು. 2016ರಲ್ಲಿ ಜ್ಯೂರಿ ಅಭಿಮಾನಿಗಳದ್ದು ಏನೂ ತಪ್ಪಿಲ್ಲ ಅಂತ ಹೇಳುವ ಹೊತ್ತಿಗೆ ಎಷ್ಟೋ ಮಕ್ಕಳ ಅಪ್ಪ ಅಮ್ಮ ಕಣ್ಣು ಮುಚ್ಚಿದ್ದರು.

ಈ ಪದದ ಜೊತೆಗೆ ಇನ್ನೆರಡು ಪದ ತಿಳಿದಿರುವುದು ಒಳ್ಳೆಯದು. ಅವು ಬಂದದ್ದು ನ್ಯೂಯಾರ್ಕಿನಿಂದ. ಅಲ್ಲಿ ಫ್ರಾಂಕ್ ಸರ್ಪಿಕೊ ಎಂಬ ಪೊಲೀಸ್ ಇದ್ದರು. ಜೊತೆಯವರ ಲಂಚದ ವಿಷಯವನ್ನು ಮೇಲಧಿಕಾರಿಗಳಿಗೆ ಮತ್ತೆ ಮತ್ತೆ ಹೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ 1970ರಲ್ಲಿ ವಿಷಯ ಪತ್ರಿಕೆಗೆ ಹೋಯಿತು. ಮೇಯರ್ ತನಿಖೆಗೆ ನ್ಯಾಪ್ ಆಯೋಗ ರಚಿಸಿದರು. 1971ರ ಫೆಬ್ರುವರಿಯಲ್ಲಿ ಡ್ರಗ್ಸ್ ದಾಳಿಯೊಂದರಲ್ಲಿ ಸರ್ಪಿಕೊ ಮುಖಕ್ಕೆ ಗುಂಡು ಬಿತ್ತು. ಬದುಕಿಕೊಂಡರು, ಆಯೋಗದ ಮುಂದೆ ಸಾಕ್ಷಿಯನ್ನೂ ಹೇಳಿದರು.

ಆ ಆಯೋಗ ಭ್ರಷ್ಟ ಪೊಲೀಸರನ್ನು ಎರಡು ಬಗೆ ಮಾಡಿತು: ಮಾಂಸ ತಿನ್ನುವವರು, ಹುಲ್ಲು ಮೇಯುವವರು. ಮಾಂಸ ತಿನ್ನುವವರು ಲಂಚಕ್ಕಾಗಿ ತಾವಾಗಿಯೇ ಹುಡುಕಿಕೊಂಡು ಹೋಗುವವರು. ಹುಲ್ಲು ಮೇಯುವವರು ಎದುರಿಗೆ ಬಂದ ಸಣ್ಣಪುಟ್ಟದ್ದನ್ನು ಬೇಡ ಅನ್ನದವರು. ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಅನ್ನುವ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ. ಆಯೋಗ ಹೇಳಿದ ಮುಖ್ಯ ಮಾತು ಅಂದರೆ, ಹೆಚ್ಚು ತೊಂದರೆ ಹುಲ್ಲು ಮೇಯುವವರಿಂದಲೇ. ಅವರ ಸಂಖ್ಯೆ ಜಾಸ್ತಿ. ಎಲ್ಲರೂ ಮಾಡುತ್ತಾರೆ ಅನ್ನುವಾಗ ತಪ್ಪಿಗೆ ಮರ್ಯಾದೆ ಬಂದುಬಿಡುತ್ತದೆ. ಒಂದು ಸಣ್ಣ ತಪ್ಪಿನಲ್ಲಿ ಪಾಲು ಇದ್ದವನು ದೊಡ್ಡ ತಪ್ಪಿನ ಬಗ್ಗೆ ಬಾಯಿ ತೆರೆಯುವುದು ಹೇಗೆ? ಬಾಯಿ ತೆರೆದವನಿಗೆ ದ್ರೋಹಿ ಎಂಬ ಪಟ್ಟ ಕಟ್ಟುವವರೂ ಅವರೇ.

ಈಗ ಒಳಗಿನವರ ಕಡೆಯಿಂದ ನೋಡೋಣ. ಇದನ್ನು ನೋಡದೆ ಪದದ ಅರ್ಥ ಪೂರ್ತಿಯಾಗುವುದಿಲ್ಲ. ಪೊಲೀಸ್ ಕೆಲಸದಲ್ಲಿ ಪಕ್ಕದವನೇ ಪ್ರಾಣ. ರಾತ್ರಿ ಎರಡು ಗಂಟೆಗೆ ಒಂದು ಕತ್ತಲ ಮನೆಗೆ ನುಗ್ಗುವಾಗ ಹಿಂದೆ ಒಬ್ಬ ಇದ್ದಾನೆ ಅನ್ನುವ ಧೈರ್ಯದ ಮೇಲೆ ಕಾಲು ಮುಂದೆ ಹೋಗುತ್ತದೆ. ಊಹಿಸಿಕೊಳ್ಳಿ. ಇಬ್ಬರು ಠಾಣೆಗೆ ವಾಪಸ್ ಬಂದಿದ್ದಾರೆ. ಹಿರಿಯನ ಗೆಣ್ಣು ಊದಿದೆ. ಕೋಳ ಹಾಕಿಸಿಕೊಂಡವನಿಗೆ ಆಮೇಲೂ ಹೊಡೆದಿದ್ದಾನೆ. ಕಿರಿಯ ನೋಡಿದ್ದಾನೆ. ಇಬ್ಬರೂ ವರದಿ ಬರೆಯಲು ಕೂತಿದ್ದಾರೆ. ಹಿರಿಯ ತಲೆ ಎತ್ತದೆ ಕೇಳುತ್ತಾನೆ: ‘ನೀನು ಏನು ಬರೀತಿದ್ದೀಯಪ್ಪಾ?’ ಅದರಲ್ಲಿ ಬೆದರಿಕೆ ಇಲ್ಲ. ದನಿಯೂ ಏರಿಲ್ಲ. ಆದರೆ ಕಿರಿಯನಿಗೆ ಎಲ್ಲವೂ ಕೇಳಿಸುತ್ತದೆ. ನಾಳೆ ವೈರ್‌ಲೆಸ್‌ನಲ್ಲಿ ಸಹಾಯ ಕೇಳಿದರೆ ಯಾರೂ ಬೇಗ ಬರಲಿಕ್ಕಿಲ್ಲ. ವರ್ಗಾವಣೆ ಆಗಬಹುದು. ಮನೆಯಲ್ಲಿ ಹೆಂಡತಿ ಮಕ್ಕಳಿದ್ದಾರೆ. ಅವನು ‘ಅಗತ್ಯವಿದ್ದಷ್ಟು ಬಲ ಪ್ರಯೋಗಿಸಲಾಯಿತು’ ಅಂತ ಬರೆದು ಸಹಿ ಹಾಕುತ್ತಾನೆ. ಗೋಡೆಗೆ ಇನ್ನೊಂದು ಇಟ್ಟಿಗೆ ಸೇರಿತು.

ಅವನ ಮೇಲೆ ನನಗೆ ಕೋಪಕ್ಕಿಂತ ಮರುಕವೇ ಜಾಸ್ತಿ. ಒಗ್ಗಟ್ಟು ಕೆಟ್ಟದ್ದಲ್ಲ. ಆ ಒಗ್ಗಟ್ಟನ್ನು ತಪ್ಪಿತಸ್ಥ ಬಾಡಿಗೆ ಇಲ್ಲದೆ ಬಳಸಿಕೊಳ್ಳುತ್ತಾನೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಆರೋಪ ಹೊತ್ತ ಪೊಲೀಸ್ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಿಲ್ಲ ಅನ್ನುವುದು ಬೇರೆ. ಅದು ಯಾವ ಆರೋಪಿಗಾದರೂ ಇರುವ ಹಕ್ಕು, ಇರಲೇಬೇಕು. ಮೌನದ ಗೋಡೆ ಅಂದರೆ ಆರೋಪ ಇಲ್ಲದವರು, ನೋಡಿದವರು, ಹೇಳಬೇಕಾದ ಕರ್ತವ್ಯ ಇರುವವರು ಹೇಳದೇ ಇರುವುದು. ಹಾಗೆಯೇ, ಆರೋಪ ಬಂದ ತಕ್ಷಣ ಅದು ನಿಜ ಅಂತಲೂ ಅಲ್ಲ. ಸುಳ್ಳು ದೂರುಗಳೂ ಬರುತ್ತವೆ. ಆದರೆ ನಿಜ ಯಾವುದು, ಸುಳ್ಳು ಯಾವುದು ಅಂತ ಬೇರೆ ಮಾಡಲಿಕ್ಕೂ ನೋಡಿದವರು ಬಾಯಿ ಬಿಡಬೇಕು. ಗೋಡೆ ಇದ್ದ ಕಡೆ ನಿರಪರಾಧಿ ಪೊಲೀಸನ ಮಾತನ್ನೂ ಜನ ನಂಬುವುದಿಲ್ಲ.

ಬೇರೆ ಕೆಲಸಗಳಲ್ಲೂ ಜನ ತಮ್ಮವರನ್ನು ಕಾಪಾಡಿಕೊಳ್ಳುತ್ತಾರಲ್ಲ ಅಂತ ಕೇಳಬಹುದು. ಹೌದು, ಕಾಪಾಡಿಕೊಳ್ಳುತ್ತಾರೆ. ಆದರೆ ಬೇರೆಯವರ ವಿರುದ್ಧ ದೂರು ಕೊಡಲು ನಾವು ಹೋಗುವುದು ಪೊಲೀಸರ ಹತ್ತಿರ. ಪೊಲೀಸರ ವಿರುದ್ಧದ ದೂರನ್ನು ಬರೆದುಕೊಳ್ಳುವವರೂ, ಸ್ಥಳಕ್ಕೆ ಹೋಗಿ ಸಾಕ್ಷ್ಯ ಎತ್ತುವವರೂ ಬಹಳ ಕಡೆ ಪೊಲೀಸರೇ. ಸತ್ಯದ ಮೊದಲ ಪ್ರತಿ ಬರೆಯುವ ಪೆನ್ನು ಅವರ ಕೈಯಲ್ಲಿದೆ. ಅದಕ್ಕೇ ಇವರ ಮೌನಕ್ಕೆ ಬೇರೆಯವರ ಮೌನಕ್ಕಿಲ್ಲದ ತೂಕ.

ಶಿಕಾಗೊದಲ್ಲಿ ಇದು ಕಣ್ಣಿಗೆ ರಾಚುವಂತೆ ಕಂಡಿತು. 2014ರ ಅಕ್ಟೋಬರ್ 20ರಂದು 17 ವರ್ಷದ ಲಕ್ವಾನ್ ಮೆಕ್‌ಡೊನಾಲ್ಡ್‌ಗೆ ಪೊಲೀಸ್ ಒಬ್ಬ 16 ಗುಂಡು ಹೊಡೆದ. ಹುಡುಗನ ಕೈಯಲ್ಲಿ ಚಾಕು ಇತ್ತು, ಪೊಲೀಸರ ಮೇಲೆ ಬಂದ ಅಂತ ವರದಿಗಳಲ್ಲಿ ಬರೆದರು. ಚಾಕು ಇದ್ದದ್ದು ನಿಜ. ಒಂದು ವರ್ಷದ ಮೇಲೆ, ಕೋರ್ಟ್ ಆದೇಶ ಆದ ನಂತರ, ಪೊಲೀಸ್ ವಾಹನದ ಕ್ಯಾಮೆರಾದ ವಿಡಿಯೊ ಹೊರಬಂತು. ಹುಡುಗ ಪೊಲೀಸರಿಂದ ದೂರ ಸರಿದು ನಡೆಯುತ್ತಿದ್ದ. ಜನರನ್ನು ಕೆರಳಿಸಿದ್ದು ಗುಂಡಿನಷ್ಟೇ ಆ ವರದಿಗಳೂ ಹೌದು. ಆ ಡಿಸೆಂಬರ್‌ನಲ್ಲಿ ನಗರದ ಮೇಯರ್ ರಾಮ್ ಇಮ್ಯಾನುಯೆಲ್ ತಮ್ಮ ಪೊಲೀಸರಲ್ಲಿ ಮೌನದ ಕಟ್ಟುಪಾಡು ಇದೆ ಅಂತ ಬಹಿರಂಗವಾಗಿ ಒಪ್ಪಿಕೊಂಡರು. ಗುಂಡು ಹೊಡೆದವನಿಗೆ 2018ರಲ್ಲಿ ಶಿಕ್ಷಾರ್ಹ ಅಪರಾಧಿ ಅಂತ ತೀರ್ಪು ಬಂತು. ಮುಚ್ಚಿಹಾಕಿದ ಆರೋಪ ಹೊತ್ತಿದ್ದ ಮೂವರು ಪೊಲೀಸರು ಮಾತ್ರ 2019ರಲ್ಲಿ ಖುಲಾಸೆಯಾದರು. ಗೋಡೆ ಇದೆ ಅಂತ ಒಪ್ಪುವುದು ಸುಲಭ, ಇಂಥ ಇಟ್ಟಿಗೆ ಅಂತ ಕೋರ್ಟಿನಲ್ಲಿ ತೋರಿಸುವುದು ಕಷ್ಟ.

ನಂಬಿಕೆ ಹೋಗುವುದು ಹೀಗೆ. ಒಬ್ಬ ಪೊಲೀಸ್ ತಪ್ಪು ಮಾಡಿದ, ಇಲಾಖೆ ಅದನ್ನು ತಾನೇ ಹೊರಗೆ ತಂದಿತು ಅಂದರೆ ಜನ ಕೋಪ ಮಾಡಿಕೊಂಡಾರು, ಆದರೆ ನಂಬಿಕೆ ಉಳಿಯುತ್ತದೆ. ಇಲಾಖೆ ಮುಚ್ಚಿಟ್ಟಿತು ಅಂತ ಗೊತ್ತಾದರೆ ಅದು ಒಬ್ಬನ ತಪ್ಪಾಗಿ ಉಳಿಯುವುದಿಲ್ಲ. ಮುಂದಿನ ಸಲ ಕಳ್ಳತನ ನೋಡಿದವನು ಫೋನ್ ಮಾಡುವುದಿಲ್ಲ. ಸಾಕ್ಷಿ ಹೇಳಲು ಕರೆದರೆ ‘ನನಗೆ ಗೊತ್ತಿಲ್ಲ ಸಾರ್’ ಅನ್ನುತ್ತಾನೆ. ಪೊಲೀಸರ ಮೌನಕ್ಕೆ ಎದುರಾಗಿ ಜನರ ಮೌನವೂ ಬೆಳೆಯುತ್ತದೆ.

ಗೋಡೆ ಒಡೆಯಲು ಏನು ಮಾಡುತ್ತಿದ್ದಾರೆ? ಮೈಮೇಲೆ ಕ್ಯಾಮೆರಾ, ಹೊರಗಿನವರಿಂದ ತನಿಖೆ, ಇವೆಲ್ಲ ಕೇಳಿದ್ದೇ. ನನಗೆ ಹಿಡಿಸಿದ್ದು ಇನ್ನೊಂದು ದಾರಿ. ಎರ್ವಿನ್ ಸ್ಟಾಬ್ ಎಂಬ ಮನೋವಿಜ್ಞಾನಿ ಇದ್ದಾರೆ. 1938ರಲ್ಲಿ ಬುಡಾಪೆಸ್ಟ್‌ನ ಯಹೂದಿ ಕುಟುಂಬದಲ್ಲಿ ಹುಟ್ಟಿದವರು. ನಾತ್ಸಿಗಳ ಕಾಲದಲ್ಲಿ ಬದುಕಿ ಉಳಿದದ್ದು, ತಮಗೇನೂ ಆಗಬೇಕಿಲ್ಲದ ಕೆಲವರು ಮುಂದೆ ಬಂದು ಕಾಪಾಡಿದ್ದರಿಂದ. ನೋಡುತ್ತಾ ನಿಂತವರು ಯಾವಾಗ ಮುಂದೆ ಬರುತ್ತಾರೆ ಅನ್ನುವುದನ್ನೇ ಅವರು ಜೀವನಪೂರ್ತಿ ಓದಿದರು. ಅವರ ವಿಚಾರಗಳ ಆಧಾರದಲ್ಲಿ ನ್ಯೂ ಆರ್ಲಿಯನ್ಸ್ ಪೊಲೀಸರು 2016ರಲ್ಲಿ ಒಂದು ತರಬೇತಿ ಶುರು ಮಾಡಿದರು. ಅದರ ತಿರುಳು, ತಪ್ಪಾದ ಮೇಲೆ ದೂರು ಕೊಡು ಅನ್ನುವುದಕ್ಕಿಂತ ತಪ್ಪು ಆಗುವ ಮೊದಲೇ ಜೊತೆಯವನ ತೋಳು ಹಿಡಿ ಅನ್ನುವುದು. ಕೋಪ ನೆತ್ತಿಗೇರಿದವನ ಭುಜ ಮುಟ್ಟಿ ‘ನೀನು ಈ ಕಡೆ ಬಾ, ನಾನು ನೋಡ್ಕೋತೀನಿ’ ಅನ್ನುವಂಥದ್ದು. ಇದರಲ್ಲಿ ದ್ರೋಹ ಇಲ್ಲ. ಜೊತೆಯವನ ನೌಕರಿಯೂ ಉಳಿಯುತ್ತದೆ, ಎದುರಿನವನ ಪ್ರಾಣವೂ ಉಳಿಯುತ್ತದೆ.

ಮಿನಿಯಾಪೊಲಿಸ್‌ನಲ್ಲಿ ಹಾಗೆ ತಡೆಯಲೇಬೇಕು ಅನ್ನುವ ನಿಯಮ 2020ಕ್ಕಿಂತ ಮೊದಲೇ ಇತ್ತು. ಫ್ಲಾಯ್ಡ್ ಬಳಿ ಇದ್ದ ಇನ್ನೂ ಮೂವರು ಪೊಲೀಸರು 2022ರಲ್ಲಿ ಅಪರಾಧಿಗಳಾದರು. ನೆರವು ಕೊಡದಿದ್ದಕ್ಕೆ ಮೂವರೂ, ತಡೆಯದಿದ್ದಕ್ಕೆ ಇಬ್ಬರು. ಸುಮ್ಮನೆ ನಿಂತದ್ದೂ ಅಪರಾಧ ಅಂತ ಕೋರ್ಟ್ ಹೇಳಿದ ಅಪರೂಪದ ಪ್ರಸಂಗ ಅದು.

ಗೋಡೆಯಲ್ಲಿ ಬಿರುಕು ಬಿಟ್ಟ ಇನ್ನೊಂದು ಘಟನೆ ಫ್ಲಾಯ್ಡ್ ಸತ್ತ ವರ್ಷವೇ, 2020ರ ಜೂನ್‌ನಲ್ಲಿ, ತಮಿಳುನಾಡಿನ ಸಾತ್ತಾನ್‌ಕುಳಂನಲ್ಲಿ ನಡೆಯಿತು. ಪೊಲೀಸರು ಹಿಡಿದುಕೊಂಡು ಹೋದ ಅಪ್ಪ, ಮಗ ಇಬ್ಬರೂ ಕಸ್ಟಡಿಯಲ್ಲಿ ಸತ್ತರು. ಹೈಕೋರ್ಟ್ ಕಳಿಸಿದ ಮ್ಯಾಜಿಸ್ಟ್ರೇಟ್ ಠಾಣೆಗೆ ಬಂದಾಗ ಅಲ್ಲಿನವರು ಸಹಕರಿಸಲಿಲ್ಲ. ಸಿಸಿಟಿವಿ ದೃಶ್ಯ ದಿನದಿನವೂ ಅಳಿಸಿಹೋಗುವಂತೆ ಇಟ್ಟಿದ್ದರು. ಆ ರಾತ್ರಿ ಠಾಣೆಯಲ್ಲಿದ್ದ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಮಾತ್ರ ಮಾತಾಡಿದರು. ರಾತ್ರಿಯಿಡೀ ಹೊಡೆದರು, ಲಾಠಿಗೆ, ಮೇಜಿಗೆ ರಕ್ತ ಅಂಟಿತ್ತು ಅಂತ ಹೇಳಿದರು. ಹೇಳಿಕೆ ಬರೆದು ಮುಗಿದಾಗ ಸಹಿ ಹಾಕಲು ಅವರಿಗೆ ಭಯವಾಯಿತು. ಧೈರ್ಯ ತುಂಬಿದ ಮೇಲೆ ಹಾಕಿದರು. ಆಮೇಲೆ ಅವರಿಗೂ ಅವರ ಮನೆಯವರಿಗೂ ರಕ್ಷಣೆ ಕೊಡಬೇಕು ಅಂತ ಹೈಕೋರ್ಟ್ ಆದೇಶ ಮಾಡಬೇಕಾಯಿತು.