ಉದ್ಯಮದಿಂದ ರಾಜ್ಯಸಭೆಗೆ: ರಾಜೀವ್ ಚಂದ್ರಶೇಖರ್ (ಅಧ್ಯಯನ ಟಿಪ್ಪಣಿ)

ಉದ್ಯಮಿಗಳು ಸಂಸತ್ತಿಗೆ ಬರುವ ದಾರಿ ಅರ್ಥವಾಗಬೇಕಾದರೆ ರಾಜೀವ್ ಚಂದ್ರಶೇಖರ್ ಅವರ ಉದಾಹರಣೆ ಸಾಕು. ಕರ್ನಾಟಕದಿಂದಲೇ ಮೂರು ಸಲ ರಾಜ್ಯಸಭೆಗೆ ಹೋದವರು.

ಹಿನ್ನೆಲೆ ಬೇಗ ಮುಗಿಸೋಣ. ಮಣಿಪಾಲದಲ್ಲಿ ಎಂಜಿನಿಯರಿಂಗ್, ಷಿಕಾಗೋದಲ್ಲಿ ಕಂಪ್ಯೂಟರ್ ಸೈನ್ಸ್, ಇಂಟೆಲ್‌ನಲ್ಲಿ ಕೆಲಸ. 1994ರಲ್ಲಿ ಬಿಪಿಎಲ್ ಮೊಬೈಲ್ ಶುರು ಮಾಡಿದರು. 2005ರಲ್ಲಿ ಪಾಲು ಮಾರಿ ಜುಪಿಟರ್ ಕ್ಯಾಪಿಟಲ್ ಅನ್ನುವ ಹೂಡಿಕೆ ಕಂಪನಿ ಕಟ್ಟಿದರು. ಮರುವರ್ಷವೇ ಪಕ್ಷೇತರರಾಗಿ ರಾಜ್ಯಸಭೆ ಸೇರಿದರು.

ಪಕ್ಷವೇ ಇಲ್ಲದವರಿಗೆ ಸೀಟು ಹೇಗೆ ಸಿಗುತ್ತೆ? ಇಲ್ಲಿ ಸ್ವಲ್ಪ ನಿಲ್ಲಿ. ರಾಜ್ಯಸಭೆಗೆ ಮತ ಹಾಕುವವರು ನಾವಲ್ಲ, ಶಾಸಕರು. ಕರ್ನಾಟಕಕ್ಕೆ 12 ಸ್ಥಾನ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ 4 ಖಾಲಿಯಾಗುತ್ತವೆ. ವಿಧಾನಸಭೆಯ 224 ಶಾಸಕರ ಮತಗಳನ್ನು ಸ್ಥಾನಗಳಿಗಿಂತ ಒಂದು ಜಾಸ್ತಿ ಸಂಖ್ಯೆಯಿಂದ ಭಾಗಿಸಿ: 224 ÷ 5 = 44.8. ಎಲ್ಲರೂ ಮತ ಹಾಕಿದರೆ 45 ಮೊದಲ ಪ್ರಾಶಸ್ತ್ಯದ ಮತ (ಮತಪತ್ರದಲ್ಲಿ ಹೆಸರಿನ ಮುಂದೆ 1 ಎಂದು ಬರೆದದ್ದು) ಬಂದವರು ಗೆದ್ದಂತೆ. ಸುಮ್ನೆ ಲೆಕ್ಕಕ್ಕೆ, ಒಂದು ಪಕ್ಷಕ್ಕೆ 110 ಶಾಸಕರಿದ್ದಾರೆ ಅಂದುಕೊಳ್ಳಿ. 90 ಮತಕ್ಕೆ ಇಬ್ಬರು ಗೆದ್ದರು, 20 ಮಿಕ್ಕಿತು. ಇನ್ನೊಂದು ಪಕ್ಷಕ್ಕೆ 30 ಶಾಸಕರು, ಒಬ್ಬರನ್ನೂ ಗೆಲ್ಲಿಸಲು ಆಗಲ್ಲ. ಎರಡೂ ಸೇರಿದರೆ 50! ಯಾವ ಪಕ್ಷಕ್ಕೂ ಪೂರ್ತಿ ಸೇರದ ಈ ಸೀಟಿನ ಮೇಲೆಯೇ ಹಣವಂತ ಪಕ್ಷೇತರರ ಕಣ್ಣು. ವಿಜಯ್ ಮಲ್ಯ 2002 ಮತ್ತು 2010ರಲ್ಲಿ ಕರ್ನಾಟಕದಿಂದ ಪಕ್ಷೇತರರಾಗಿ ಗೆದ್ದಿದ್ದೂ ಪಕ್ಷಗಳ ಶಾಸಕರ ಮತದಿಂದಲೇ.

ರಾಜೀವ್ 2012ರಲ್ಲೂ ಪಕ್ಷೇತರರು. 2018ರಲ್ಲಿ ಮಾತ್ರ ಬಿಜೆಪಿ ಅಭ್ಯರ್ಥಿ.

ಸರಿ, ಉದ್ಯಮಿ ತನ್ನ ವ್ಯವಹಾರಕ್ಕೆ ಸಂಬಂಧಿಸಿದ ವಿಷಯದಲ್ಲಿ ಸದನದಲ್ಲಿ ಮಾತಾಡಬಹುದಾ? ರಾಜ್ಯಸಭೆಯ ನಿಯಮ 293ರಂತೆ ಸದಸ್ಯರ ಹಿತಾಸಕ್ತಿಗಳ ರಿಜಿಸ್ಟರ್ ಇಡಬೇಕು. ಸಂಭಾವನೆ ಬರುವ ನಿರ್ದೇಶಕ ಹುದ್ದೆ, ದೊಡ್ಡ ಷೇರು ಪಾಲು ಎಲ್ಲ ಅದರಲ್ಲಿ ಬರುತ್ತವೆ. ನಿಯಮ 294ರಂತೆ, ಹಣಕಾಸಿನ ಸಂಬಂಧ ಇದ್ದರೆ ಚರ್ಚೆಗೆ ಇಳಿಯುವ ಮೊದಲು ಹೇಳಿಕೊಳ್ಳಬೇಕು. ಹೇಳಿಕೊಂಡ ಮೇಲೆ ಮಾತಾಡಬಹುದು. ನನಗಂತೂ ಇದು ತೀರಾ ಸಡಿಲ ಅನ್ನಿಸುತ್ತದೆ.

ರಾಜೀವ್ ಅವರ ಕೆಲಸದಲ್ಲಿ ನೆನಪಿಡಬೇಕಾದ್ದು ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಎ ಸೆಕ್ಷನ್, ಅಂದರೆ ಆನ್‌ಲೈನ್‌ನಲ್ಲಿ ‘ಆಕ್ಷೇಪಾರ್ಹ’ ಸಂದೇಶ ಕಳಿಸುವುದನ್ನು ಅಪರಾಧ ಮಾಡಿದ್ದ ಸೆಕ್ಷನ್. ಅದರ ವಿರುದ್ಧ ಸುಪ್ರೀಂ ಕೋರ್ಟ್‌ಗೆ ಹೋದವರಲ್ಲಿ ಇವರೂ ಒಬ್ಬರು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಆ ಸೆಕ್ಷನ್ ರದ್ದಾಯಿತು. 2021ರಲ್ಲಿ ಅದೇ ಐಟಿ ಖಾತೆಗೆ ಇವರು ಕೇಂದ್ರ ಸರ್ಕಾರದ ರಾಜ್ಯ ಸಚಿವರಾದರು. 2023ರಲ್ಲಿ ಸರ್ಕಾರದ ಬಗೆಗಿನ ಸುದ್ದಿಯ ಸತ್ಯಾಂಶ ಪರಿಶೀಲಿಸಲು ಸರ್ಕಾರವೇ ಘಟಕ ಮಾಡುವ ತಿದ್ದುಪಡಿ ಐಟಿ ನಿಯಮಗಳಿಗೆ ಬಂದಾಗ ಸಮರ್ಥಿಸಿಕೊಂಡವರೂ ಇವರೇ. 2024ರಲ್ಲಿ ಬಾಂಬೆ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. ಕುರ್ಚಿ ಬದಲಾದರೆ ವಾದವೂ ಬದಲಾಗುತ್ತೆ, ಅಲ್ವಾ?

ಜನರ ನೇರ ಮತ ಕೇಳಿದ್ದು ಸಂಸತ್ತಿಗೆ ಬಂದು 18 ವರ್ಷದ ಮೇಲೆ. 2024ರಲ್ಲಿ ತಿರುವನಂತಪುರದಲ್ಲಿ ಶಶಿ ತರೂರ್ ಎದುರು 16,077 ಮತಗಳಿಂದ ಸೋತರು. 2025ರ ಮಾರ್ಚ್‌ನಲ್ಲಿ ಕೇರಳ ಬಿಜೆಪಿಯ ಅಧ್ಯಕ್ಷರಾದರು.